ಕೆಸರಿನ ಕಸುವು

2017ರ ಬೇಸಿಗೆಯಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ರೈತರು ಜಲಾಶಯದ ಒಣಗಿದ ಅಂಗಳಕ್ಕೆ ಟ್ರ್ಯಾಕ್ಟರು, ಜೆಸಿಬಿಗಳೊಂದಿಗೆ ಇಳಿದು ಹೂಳೆತ್ತಿದರು. ಆ ಕೆಲಸಕ್ಕೆ ಅವರಿಟ್ಟ ಹೆಸರು ‘ಹೂಳಿನ ಜಾತ್ರೆ’. 1953ರಲ್ಲಿ ನೀರು ನಿಂತಾಗ ಈ ಜಲಾಶಯ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಸಿಗುವುದು 105 ಚಿಲ್ಲರೆ. ಉಳಿದ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಅದು ಸುಮಾರು 76 ಕೋಟಿ ಘನ ಮೀಟರ್. ಟಿಪ್ಪರಿಗೆ ಹತ್ತು ಘನ ಮೀಟರ್ ತುಂಬಿದರೂ ಏಳೂವರೆ ಕೋಟಿ ಲೋಡು ಬೇಕು. ಜಾತ್ರೆಗೆ ಬಂದವರಿಗೆ ಇದು ತಿಳಿಯದ ಲೆಕ್ಕವಲ್ಲ. ತಮ್ಮ ನೀರಿನ ಜಾಗವನ್ನು ಮಣ್ಣು ನುಂಗುವುದನ್ನು ನೋಡುತ್ತ ಕೂರಲಾಗದೆ ಇಳಿದರು, ಅಷ್ಟೆ.

ಹೂಳಿನ ಮಾತು ಬಂದಲ್ಲೆಲ್ಲ ಒಂದು ಪ್ರಶ್ನೆಯೂ ಬರುತ್ತದೆ: ‘ಮಳೆಗಾಲದಲ್ಲಿ ಗೇಟು ಪೂರ್ತಿ ಎತ್ತಿಬಿಟ್ಟರೆ ನೀರಿನ ಜೊತೆ ಹೂಳೂ ಕೊಚ್ಚಿಕೊಂಡು ಹೋಗಬೇಕಲ್ಲ?’ ಕೇಳುವವರು ತಿಳಿಯದವರೇನಲ್ಲ. ಹೊಳೆಯ ನೀರು ಮರಳನ್ನು ಉರುಳಿಸಿಕೊಂಡು ಹೋಗುವುದನ್ನು ಕಂಡವರು, ಪ್ರವಾಹಕ್ಕೆ ಗುಂಡುಕಲ್ಲು ಜಾಗ ಬದಲಿಸಿದ್ದನ್ನು ಕಂಡವರು ಹಾಗೆ ಕೇಳಿಯೇ ಕೇಳುತ್ತಾರೆ. ಕಲ್ಲನ್ನೇ ಹೊರುವ ನೀರಿಗೆ ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣ್ಣಗಿರುವ ಮಣ್ಣು ಯಾವ ಭಾರ? ಈ ಉಪನ್ಯಾಸ ಹೊರಡುವುದು ಆ ಪ್ರಶ್ನೆಯಿಂದ. ಅದಕ್ಕೆ ಉತ್ತರ ಹುಡುಕಲು ವಿಜ್ಞಾನಕ್ಕೆ ಒಂದು ಶತಮಾನವೇ ಹಿಡಿಯಿತು, ಹುಡುಕಾಟ ಇನ್ನೂ ಮುಗಿದಿಲ್ಲ.

ಮೊದಲು ಗಾತ್ರ. ಎರಡು ಮಿಲಿಮೀಟರಿನಿಂದ ಸುಮಾರು 0.06 ಮಿಲಿಮೀಟರ್‌ವರೆಗಿನ ಕಣ ಮರಳು. ಅದಕ್ಕಿಂತ ಸಣ್ಣದು ರೇವೆ. ಮಿಲಿಮೀಟರಿನ ಸಾವಿರದ ಎರಡು ಪಾಲಿಗಿಂತ, ಅಂದರೆ ಎರಡು ಮೈಕ್ರಾನಿಗಿಂತ, ಸಣ್ಣದು ಜೇಡಿ. ಒಂದು ಲೋಟ ನೀರಿಗೆ ಹಿಡಿ ಮಣ್ಣು ಹಾಕಿ ಕದಡಿದರೆ ಮರಳು ನೋಡನೋಡುತ್ತಲೇ ತಳ ಸೇರುತ್ತದೆ. ಎರಡು ಮೈಕ್ರಾನಿನ ಜೇಡಿಯ ಕಣ ಒಂದೊಂದೇ ಇಳಿಯಬೇಕಾದರೆ ಒಂದು ಅಡಿಗೆ ಒಂದು ದಿನ ಬೇಕು. ಇಷ್ಟು ಹಗುರವಾದದ್ದು ನೀರು ಕದಲಿದರೆ ಸಾಕು, ಏಳಬೇಕು. ಆದರೆ ಏಳುವುದಿಲ್ಲ.

ಇದನ್ನು ಒಂದೇ ಚಿತ್ರದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಸ್ವೀಡನ್ನಿನ ಫಿಲಿಪ್ ಯೂಲ್‌ಸ್ಟ್ರೋಮ್. ಉಪ್ಸಾಲಾ ಊರಿನ ಮಧ್ಯೆ ಹರಿಯುವ ಫಿರಿಸ್ ಎಂಬ ಪುಟ್ಟ ನದಿಯ ಮೇಲೆ ಅವರು ಬರೆದ ಪ್ರಬಂಧ 1935ರಲ್ಲಿ ಹೊರಬಂತು. ಅದರಲ್ಲೊಂದು ನಕ್ಷೆಯಿದೆ. ಅಡ್ಡಕ್ಕೆ ಕಣದ ಗಾತ್ರ, ಉದ್ದಕ್ಕೆ ನೀರಿನ ವೇಗ. ಯಾವ ಗಾತ್ರದ ಕಣವನ್ನು ಎಬ್ಬಿಸಲು ಎಷ್ಟು ವೇಗ ಬೇಕೆಂದು ಗೆರೆ ಎಳೆದರೆ ಅದು ಬಾಣಲೆಯಂತೆ ನಡುವೆ ತಗ್ಗುತ್ತದೆ. ಅರ್ಧ ಮಿಲಿಮೀಟರಿನ ಆಸುಪಾಸಿನ ಮರಳನ್ನು ಸೆಕೆಂಡಿಗೆ 20 ಸೆಂಟಿಮೀಟರ್ ವೇಗವೇ ಎಬ್ಬಿಸುತ್ತದೆ. ಕಣ ದಪ್ಪವಾದಂತೆ ಗೆರೆ ಮೇಲೇರುವುದು ಸಹಜ. ಕಣ ಸಣ್ಣದಾದಂತೆಯೂ ಅದು ಮೇಲೇರುತ್ತದೆ! ಜೇಡಿಯನ್ನು ಎಬ್ಬಿಸಲು ಸೆಕೆಂಡಿಗೆ ಒಂದು ಮೀಟರಿಗೂ ಮೀರಿದ ವೇಗ ಬೇಕಾಗುತ್ತದೆ, ಹರಳುಕಲ್ಲಿಗೆ ಬೇಕಾಗುವಷ್ಟು. ಆದರೆ ಒಮ್ಮೆ ಎದ್ದ ಜೇಡಿ ಮತ್ತೆ ಕೂರುವುದಿಲ್ಲ, ನೀರು ತೆವಳಿದರೂ ಅದು ತೇಲಿಕೊಂಡೇ ಹೋಗುತ್ತದೆ.

ನಾಲೆ ತೋಡುವ ಎಂಜಿನಿಯರುಗಳಿಗೆ ಇದು ಅನುಭವದಿಂದ ಮೊದಲೇ ಗೊತ್ತಿತ್ತು. ಅಮೆರಿಕದ ಫೋರ್ಟಿಯರ್ ಮತ್ತು ಸ್ಕೋಬಿ 1926ರಲ್ಲಿ ನೀರಾವರಿ ನಾಲೆಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ ಒಂದು ಕೋಷ್ಟಕ ಮಾಡಿದರು. ನುಣುಪು ಮರಳಿನಲ್ಲಿ ತೋಡಿದ ನಾಲೆಯಲ್ಲಿ ತಿಳಿನೀರು ಸೆಕೆಂಡಿಗೆ ಒಂದೂವರೆ ಅಡಿ ಮೀರಬಾರದು, ಬಿರುಸು ಜೇಡಿಯ ನಾಲೆಯಲ್ಲಿ ಮೂರೂಮುಕ್ಕಾಲು ಅಡಿಯವರೆಗೂ ಹೋಗಬಹುದು. ಯೂಲ್‌ಸ್ಟ್ರೋಮ್ ನಕ್ಷೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ, 1956ರಲ್ಲಿ, ಅವರ ಊರಿನವರೇ ಆದ ಓಕೆ ಸುಂಡ್‌ಬೊರಿ ಕ್ಲಾರ್ ನದಿಯ ಅಧ್ಯಯನದಲ್ಲಿ ಆ ನಕ್ಷೆಯ ಎಡಬದಿಯನ್ನು ತಿದ್ದಿದರು. ಜೇಡಿಗೆ ಒಂದೇ ಗೆರೆ ಎಳೆಯುವುದು ತಪ್ಪು, ಈಗಷ್ಟೇ ಕೂತ ಜೇಡಿಯ ಗೆರೆ ಬೇರೆ, ಬಿಗಿದುಕೊಂಡ ಜೇಡಿಯ ಗೆರೆ ಬೇರೆ ಎಂದರು. ಶಾಲಾ ಪುಸ್ತಕಗಳು ಇಂದಿಗೂ ಹಳೆಯ ಒಂಟಿ ಗೆರೆಯನ್ನೇ ಅಚ್ಚು ಹಾಕುತ್ತಿರುವುದು ಬೇಸರದ ಸಂಗತಿ. ಈ ವಿಷಯದ ಜೀವಾಳವೇ ಆ ತಿದ್ದುಪಡಿಯಲ್ಲಿದೆ.

ಹಾಗಾದರೆ ಸಣ್ಣ ಕಣವನ್ನು ಹಿಡಿದಿಡುವುದು ಯಾವುದು?

ಕಣದ ಅಡ್ಡಳತೆ ಹತ್ತನೇ ಒಂದಾದರೆ ಅದರ ತೂಕ ಸಾವಿರದ ಒಂದು ಪಾಲಾಗುತ್ತದೆ. ಆದರೆ ತಾಗಿಕೊಂಡ ಎರಡು ಕಣಗಳ ನಡುವಿನ ಸೆಳೆತ ಇಳಿಯುವುದು ಹತ್ತೇ ಪಟ್ಟು. ಮರಳಿನಲ್ಲಿ ತೂಕದ ಮುಂದೆ ಈ ಸೆಳೆತ ಲೆಕ್ಕಕ್ಕಿಲ್ಲ. ಜೇಡಿಯಲ್ಲಿ ತೂಕವೇ ಲೆಕ್ಕಕ್ಕಿಲ್ಲ, ಸೆಳೆತವೇ ಎಲ್ಲ. ಜೊತೆಗೆ ಜೇಡಿಯ ಕಣ ಗುಂಡಗಿರುವುದಿಲ್ಲ, ಹಪ್ಪಳದಂತೆ ಚಪ್ಪಟೆ. ಮೈಯೆಲ್ಲ ಮುಖವೇ. ಎರೆಮಣ್ಣಿನ ಪ್ರಧಾನ ಖನಿಜವಾದ ಮಾಂಟ್‌ಮೊರಿಲೊನೈಟನ್ನು ಒಂದೇ ಒಂದು ಗ್ರಾಂ ತೆಗೆದುಕೊಂಡು ಅದರ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 800 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಏಳು ಥರ್ಟಿ-ಫಾರ್ಟಿ ಸೈಟು, ಒಂದು ಚಿಟಿಕೆ ಮಣ್ಣಿನಲ್ಲಿ! ಹೆಂಚು, ಪಿಂಗಾಣಿಗೆ ಒದಗುವ ಕೆಯೊಲಿನೈಟ್ ಜೇಡಿಯಲ್ಲಿ ಇದು ಗ್ರಾಂಗೆ ಹತ್ತಿಪ್ಪತ್ತು ಚದರ ಮೀಟರ್ ಮಾತ್ರ, ಒಂದು ಕೋಣೆಯಷ್ಟು.

ಈ ಮುಖಗಳ ಮೇಲೆ ಋಣ ವಿದ್ಯುದಂಶವಿದೆ. ಒಂದೇ ಬಗೆಯ ಅಂಶವುಳ್ಳ ಎರಡು ಹಾಳೆಗಳು ಪರಸ್ಪರ ತಳ್ಳಬೇಕು. ನೀರಿನಲ್ಲಿ ಕರಗಿದ ಲವಣಗಳ ಧನ ಅಯಾನುಗಳು ನಡುವೆ ಬಂದು ನಿಂತು ಈ ಜಗಳ ಬಿಡಿಸುತ್ತವೆ. ಕ್ಯಾಲ್ಸಿಯಂ ಬಂದರೆ ಹಾಳೆಗಳು ಹತ್ತಿರವಾಗಿ ಅಂಟಿಕೊಳ್ಳುತ್ತವೆ. ಸೋಡಿಯಂ ಮೇಲುಗೈಯಾಗಿ, ನೀರಿನಲ್ಲಿ ಉಪ್ಪೂ ಕಡಿಮೆಯಿದ್ದರೆ ಹಾಳೆಗಳ ನಡುವೆ ನೀರು ನುಗ್ಗಿ ಒಂದೊಂದೂ ಬಿಡಿಬಿಡಿಯಾಗುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ. ಒಣಗಿದ ಮಣ್ಣಿನ ಕಡಲೆ ಗಾತ್ರದ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಟ್ಟು, ಅಲುಗಾಡಿಸದೆ ನೋಡಬೇಕು. ಕೆಲವು ಹೆಂಟೆ ಮುಳುಗಿದ ಕೂಡಲೇ ಗುಳ್ಳೆ ಬಿಡುತ್ತ ಪುಡಿಯಾಗಿ ಗುಡ್ಡೆ ಬೀಳುತ್ತದೆ, ಆದರೆ ಸುತ್ತಲಿನ ನೀರು ತಿಳಿಯಾಗಿಯೇ ಇರುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಒಡೆದದ್ದಷ್ಟೇ, ಅಂಟು ಹೋಗಿಲ್ಲ. ಇನ್ನು ಕೆಲವು ಹೆಂಟೆಯ ಸುತ್ತ ಹಾಲು ಬೆರೆಸಿದಂತೆ ಮೋಡವೊಂದು ತಾನಾಗಿ ಏಳುತ್ತದೆ, ಗಂಟೆ ಕಳೆದರೂ ಇಳಿಯುವುದಿಲ್ಲ. ಅದು ಸೋಡಿಯಂ ಹೆಚ್ಚಿರುವ ಮಣ್ಣು. ಅಂಥ ಮಣ್ಣಿನಲ್ಲಿ ಏರಿ ಕಟ್ಟಿದರೆ ಬೆರಳು ಗಾತ್ರದ ತೂತು ರಾತ್ರಿ ಬೆಳಗಾಗುವುದರೊಳಗೆ ಬಾಯಿ ತೆರೆದೀತು. ಆಸ್ಟ್ರೇಲಿಯಾದ ಎಮರ್ಸನ್ 1967ರಲ್ಲಿ ಮಣ್ಣುಗಳನ್ನು ವರ್ಗೀಕರಿಸಿದ್ದು ಈ ಲೋಟದ ಪರೀಕ್ಷೆಯಿಂದಲೇ.

ಹೊಳೆಯ ರಾಡಿನೀರಿಗೆ ಪಟಿಕ ಆಡಿಸಿ ತಿಳಿ ಮಾಡುತ್ತಿದ್ದವರು, ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ. ಬಿಡಿ ಹಾಳೆಗಳ ಜಗಳ ಬಿಡಿಸಿ ಗಂಟು ಕಟ್ಟಿಸುವುದು. ಗಂಟು ಕಟ್ಟಿದ್ದು ಬೇಗ ಇಳಿಯುತ್ತದೆ. ನದಿ ಸಮುದ್ರ ಸೇರುವಲ್ಲಿ ಉಪ್ಪುನೀರು ಈ ಕೆಲಸವನ್ನು ಪ್ರತಿದಿನ ಮಾಡುತ್ತದೆ. ಅಳಿವೆಗಳಲ್ಲಿ ಅಷ್ಟೊಂದು ಕೆಸರು ಕೂರಲು ಅದೂ ಒಂದು ಕಾರಣ.

ಇಷ್ಟು ರಸಾಯನ. ಇನ್ನು ಕಾಲ.

ಈಗಷ್ಟೇ ಕೂತ ಕೆಸರಿನ ಗಾತ್ರದಲ್ಲಿ ಬಹುಪಾಲು ನೀರೇ. ಇಸ್ಪೀಟ್ ಎಲೆಗಳನ್ನು ಒಂದಕ್ಕೊಂದು ಆನಿಸಿ ಕಟ್ಟಿದ ಮನೆಯಂತೆ ಹಾಳೆಗಳು ಓರೆಕೋರೆಯಾಗಿ ನಿಂತಿರುತ್ತವೆ. ಮೇಲೆ ಇನ್ನಷ್ಟು ಬೀಳುತ್ತದೆ, ಭಾರಕ್ಕೆ ಮನೆ ಕುಸಿಯುತ್ತದೆ, ನೀರು ಹಿಂಡಿ ಹೊರಹೋಗುತ್ತದೆ. ದಿನ, ತಿಂಗಳು, ವರ್ಷ ಕಳೆದಂತೆ ಗಂಜಿಯಂತಿದ್ದದ್ದು ಮುದ್ದೆಯಾಗಿ, ಮುದ್ದೆ ಹದವಾದ ಮಣ್ಣಾಗಿ, ಕೊನೆಗೆ ಉಗುರು ಊರದ ಗಟ್ಟಿ ಹಂತಕ್ಕೆ ಬರುತ್ತದೆ. ತಳದ ಮೇಲೆ ಹರಿಯುವ ನೀರಿನ ಎಳೆತವನ್ನು ಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ಒಂದು ಪಾಸ್ಕಲ್ ಎಂದರೆ ಚದರ ಮೀಟರಿಗೆ ನೂರು ಗ್ರಾಂ ತೂಕದಷ್ಟು ಬಲ. ಹೊಸ ಕೆಸರು ಅದರ ಹತ್ತನೇ ಒಂದು ಪಾಲಿಗೇ ಏಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಗ್ರೆಗ್ ಹ್ಯಾನ್ಸನ್ ಮತ್ತು ಆಂಡ್ರ್ಯೂ ಸೈಮನ್ ಅಲ್ಲಿನ ಮಧ್ಯಪ್ರಾಂತದ ಹಳ್ಳಗಳಲ್ಲಿ ತಳಕ್ಕೆ ನೀರಿನ ಧಾರೆ ಹೊಡೆದು ಅಳೆದಾಗ (ಫಲಿತಾಂಶ ಬಂದದ್ದು 2001ರಲ್ಲಿ) ಕೆಲವು ಕಡೆ ಮಣ್ಣು ಸೊನ್ನೆಗೆ ಹತ್ತಿರದ ಎಳೆತಕ್ಕೇ ಕದಲಿತು, ಕೆಲವು ಕಡೆ 400 ಪಾಸ್ಕಲ್ ಬೇಕಾಯಿತು. ಎಲ್ಲವೂ ನುಣುಪು ಮಣ್ಣೇ. ಒಂದೇ ಜಾತಿಯ ಹಳ್ಳಗಳಲ್ಲಿ ಸಾವಿರಾರು ಪಟ್ಟು ಅಂತರ!

ಗಟ್ಟಿಯಾದಷ್ಟೂ ಕೊರೆತ ತಡೆಯುತ್ತದೆ ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಇಮ್ಯಾನ್ಯುಯೆಲ್ ಪಾರ್ಥೆನಿಯಾಡಿಸ್ ನಿಲ್ಲಿಸಲು ಬಿಡಲಿಲ್ಲ. ಬರ್ಕ್ಲಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕೆಸರನ್ನು ಪ್ರಯೋಗಾಲಯದ ಕಾಲುವೆಯಲ್ಲಿ ಹಾಸಿ, ನೀರು ಹರಿಸಿ, 1965ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೂಲಗ್ರಂಥದಂತಿದೆ. ದಟ್ಟವಾಗಿ ಹಾಸಿದ ಕೆಸರು, ನೀರಿನಿಂದ ತಾನಾಗಿ ಕೂತ ಸಡಿಲ ಕೆಸರು, ಎರಡನ್ನೂ ಪರೀಕ್ಷಿಸಿದರು. ಮೊದಲನೆಯದರ ಒಟ್ಟು ಗಟ್ಟಿತನ ಎರಡನೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದರೂ ಕೊರೆತ ಶುರುವಾದ ಎಳೆತದಲ್ಲಿ ಅಂಥ ಅಂತರವಿರಲಿಲ್ಲ. ನೀರು ತಳವನ್ನು ಗುದ್ದಲಿಯಂತೆ ಅಗೆಯುವುದಿಲ್ಲ, ಮೇಲ್ಮೈಯ ಗಂಟುಗಳನ್ನು ಒಂದೊಂದಾಗಿ ಕೀಳುತ್ತದೆ. ಆದ್ದರಿಂದ ಗುದ್ದಲಿಗೆ ಎದುರಾಗುವ ಗಟ್ಟಿತನ ಒಂದು, ಹರಿವ ನೀರಿಗೆ ಎದುರಾಗುವ ಗಟ್ಟಿತನ ಇನ್ನೊಂದು. ಮೇಲಿನ ಒಂದೆರಡು ಮಿಲಿಮೀಟರಿನಲ್ಲಿ ಏನಿದೆ ಎಂಬುದು ಆರಂಭವನ್ನು ನಿರ್ಧರಿಸುತ್ತದೆ.

ಆ ಒಂದೆರಡು ಮಿಲಿಮೀಟರಿನಲ್ಲಿ ಜೀವವಿದೆ. ಬಿಸಿಲು ತಾಗುವ ಕೆಸರಿನ ಮೇಲೆ, ಮುಖ್ಯವಾಗಿ ಇಳಿತದ ಹೊತ್ತಿನ ಅಳಿವೆಗಳಲ್ಲಿ, ಕಂದುಹೊನ್ನಿನ ಹೊಳಪೊಂದು ಕಾಣುತ್ತದೆ. ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಗಳವು. ತೆವಳುವಾಗ ಲೋಳೆ ಬಿಡುತ್ತವೆ. ಹೊಳೆಯ ಮೆಟ್ಟಿಲ ಮೇಲಿನ ಹಾವಸೆಯಲ್ಲಿ ಕಾಲಿಟ್ಟು ಜಾರಿದವರಿಗೆ ಆ ಲೋಳೆಯ ಪರಿಚಯವಿದೆ. ಅದೇ ಲೋಳೆ ಕಣಗಳ ನಡುವೆ ಎಳೆಎಳೆಯಾಗಿ ಹಬ್ಬಿ ಬಲೆ ಹೆಣೆಯುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಪ್ಯಾಟರ್ಸನ್ ದಶಕಗಳ ಕಾಲ ಇದನ್ನೇ ಅಳೆದರು. ಕೆಸರಿನ ಮೇಲೆ ಕ್ಷಣಕ್ಕೊಂದು ನೀರಿನ ಗುಕ್ಕು ಹೊಡೆದು, ಒತ್ತಡ ಏರಿಸುತ್ತ, ಯಾವಾಗ ಮೇಲ್ಮೈ ಹರಿಯುತ್ತದೆಂದು ನೋಡುವ ಪುಟ್ಟ ಯಂತ್ರವನ್ನೂ ರೂಪಿಸಿದರು. 2015ರಲ್ಲಿ ಬ್ರಿಟನ್ನಿನ ತಂಡವೊಂದು ತೋರಿಸಿದಂತೆ, ಮರಳಿಗೆ ತೂಕದಲ್ಲಿ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಲೋಳೆ ಸೇರಿದರೂ ತಳದಲ್ಲಿ ಅಲೆಗೆರೆ ಮೂಡಲು ಹಿಡಿಯುವ ಸಮಯ ಹಲವು ಪಟ್ಟು ಉದ್ದವಾಗುತ್ತದೆ. ಇನ್ನೊಂದು ಕಡೆ ಹುಳುಗಳು, ಸಿಗಡಿಯ ಸಣ್ಣ ಬಂಧುಗಳು ಕೆಸರನ್ನು ಕೊರೆದು, ಪಾಚಿಯನ್ನು ಮೇದು, ಹೆಣೆದದ್ದನ್ನು ಬಿಚ್ಚುತ್ತವೆ. ಹೀಗೆ ಒಂದೇ ತಳ ಋತುವಿನಿಂದ ಋತುವಿಗೆ ತನ್ನ ಬಲ ಬದಲಿಸುತ್ತದೆ.

ಮರಳು ಮತ್ತು ಕೆಸರು ಬೆರೆತಲ್ಲಿ ಇನ್ನೊಂದು ಹೊಸ್ತಿಲಿದೆ. ಮರಳಿನಲ್ಲಿ ಕೆಸರು ಶೇಕಡ 3ರಿಂದ 15ರ ನಡುವೆ ಎಲ್ಲೋ ಒಂದು ಕಡೆ ಮುಟ್ಟಿದಾಗ ತಳ ಮರಳಿನ ಸ್ವಭಾವ ಬಿಟ್ಟು ಕೆಸರಿನ ಸ್ವಭಾವ ಹಿಡಿಯುತ್ತದೆ. ನೂರಕ್ಕೆ ಎಂಬತ್ತೈದು ಮರಳೇ ಇದ್ದರೂ ಅದು ಇನ್ನು ಮರಳಲ್ಲ.

ಇವನ್ನೆಲ್ಲ ಸೇರಿಸಿದರೆ ಸಿಗುವ ತೀರ್ಮಾನ ಎಂಜಿನಿಯರಿಗೆ ಕಷ್ಟದ್ದು. ಕಣದ ಗಾತ್ರ ಕೊಟ್ಟರೆ ಮರಳಿನ ನಡತೆಯನ್ನು ಸೂತ್ರ ಹೇಳುತ್ತದೆ. 1936ರಲ್ಲಿ ಬರ್ಲಿನ್ನಿನಲ್ಲಿ ಆಲ್ಬರ್ಟ್ ಶೀಲ್ಡ್ಸ್ ಕಂಡುಕೊಂಡ ನಿಯಮ ಇಂದಿಗೂ ಕೈಬಿಟ್ಟಿಲ್ಲ. ಜೇಡಿಗೆ ಅಂಥ ಸೂತ್ರವಿಲ್ಲ. ಅದರ ಬಲ ಕಣದೊಳಗಿಲ್ಲ. ಕಣ ಯಾವ ನೀರಿನಲ್ಲಿ ಕೂತಿತು, ಎಷ್ಟು ಕಾಲ ಕೂತಿತು, ಮೇಲೆ ಎಷ್ಟು ಭಾರ ಹೊತ್ತಿತು, ಮೈಮೇಲೆ ಏನು ಬೆಳೆಯಿತು ಎಂಬ ಚರಿತ್ರೆಯಲ್ಲಿದೆ. ಆ ಜಾಗಕ್ಕೇ ಹೋಗಿ, ಆ ಮಣ್ಣನ್ನೇ ತೆಗೆದು, ಅಳೆಯದೆ ವಿಧಿಯಿಲ್ಲ.

ಅಳೆಯುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ವಿಲ್ಬರ್ಟ್ ಲಿಕ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಉಪಕರಣದ ಹೆಸರು ಸೆಡ್‌ಫ್ಲೂಮ್. ಹತ್ತು ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದದ ಬಾಯಿಯುಳ್ಳ ಆಯತಾಕಾರದ ಕೊಳವೆಯನ್ನು ನದಿತಳಕ್ಕೆ ಒತ್ತಿ ಮಣ್ಣಿನ ಕಂಬವೊಂದನ್ನು ಪದರ ಕೆಡದಂತೆ ಮೇಲೆತ್ತುತ್ತಾರೆ. ಆ ಕೊಳವೆಯನ್ನು ಎರಡೇ ಸೆಂಟಿಮೀಟರ್ ಎತ್ತರದ ಪಾರದರ್ಶಕ ಕಾಲುವೆಯ ಕೆಳಗೆ ಕೂಡಿಸುತ್ತಾರೆ. ಮಣ್ಣಿನ ತಲೆ ಕಾಲುವೆಯ ನೆಲಕ್ಕೆ ಸರಿಸಮ. ಪಂಪಿನಿಂದ ನೀರು ಬಿಟ್ಟಾಗ ಮಣ್ಣು ಸವೆದು ತಗ್ಗಾಗುತ್ತದೆ, ಪಕ್ಕದಲ್ಲಿ ನಿಂತವರು ಕೆಳಗಿನ ಕೊಂತವನ್ನು ಮೇಲಕ್ಕೆ ನೂಕಿ ಅದನ್ನು ಮತ್ತೆ ಸಮಕ್ಕೆ ತರುತ್ತಾರೆ. ಎಷ್ಟು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ನೂಕಬೇಕಾಯಿತೋ ಅದೇ ಕೊರೆತದ ದರ. ಮೇಲಿನ ಗಂಜಿ ಪದರ ಸರ್ರನೆ ಹೋಗುತ್ತದೆ. ಒಂದೆರಡು ಗೇಣು ಕೆಳಗೆ ಹೋದ ಮೇಲೆ ಅದೇ ನೀರಿಗೆ ಮಣ್ಣು ಜಗ್ಗುವುದಿಲ್ಲ, ವೇಗ ಏರಿಸಲೇಬೇಕು. ನಡುವೆ ಯಾವುದೋ ಹಳೆಯ ಪ್ರವಾಹ ಬಿಟ್ಟುಹೋದ ಮರಳಿನ ಎಳೆ ಸಿಕ್ಕರೆ ಮತ್ತೆ ಸರ್ರೆಂದು ಹೋಗುತ್ತದೆ. ನದಿಯ ಡೈರಿಯನ್ನು ಹಾಳೆ ಹಾಳೆಯಾಗಿ ಹರಿದು ಓದಿದ ಹಾಗೆ.

ಇಷ್ಟು ಕಷ್ಟಪಡಲು ಕಾರಣವಿದೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕೆಪಾಸಿಟರ್ ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಿಸಿಬಿ ಎಂಬ ವಿಷ ಹರಿಯಿತು. ಪಿಸಿಬಿ ನೀರಿಗೆ ಸೇರದು, ನುಣುಪು ಕೆಸರಿಗೆ ಅಂಟುತ್ತದೆ. 1973ರಲ್ಲಿ ಫೋರ್ಟ್ ಎಡ್ವರ್ಡ್‌ನ ಹಳೆಯ ಕಟ್ಟೆಯನ್ನು ತೆಗೆದಾಗ ಅದರ ಹಿಂದೆ ಕೂತಿದ್ದ ಕೆಸರು ವಿಷದೊಂದಿಗೆ ಕೆಳಗಿಳಿಯಿತು. ಮುಂದಿನ ದಶಕಗಳ ವಾದವೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗಿತು. ಉಳಿದ ಕೆಸರು ತಳದಲ್ಲೇ ಭದ್ರವಾಗಿ ಹೂತುಹೋಗುತ್ತದೆಯೇ, ದೊಡ್ಡ ಪ್ರವಾಹಕ್ಕೆ ಏಳುತ್ತದೆಯೇ? ನದಿ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತಿದೆ ಎಂಬುದು ಕಂಪನಿಯ ವಾದ. 2002ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೆಸರನ್ನು ಎತ್ತಲೇಬೇಕೆಂದು ತೀರ್ಮಾನಿಸಿತು. 2009ರಿಂದ 2015ರ ನಡುವೆ ಸುಮಾರು 21 ಲಕ್ಷ ಘನ ಮೀಟರ್ ಕೆಸರನ್ನು ತೆಗೆದರು. ಆ ನದಿಯ ಮೀನು ತಿನ್ನುವವರಿಗೆ ಮಣ್ಣಿನ ಪಾಸ್ಕಲ್ ಲೆಕ್ಕ ಊಟದ ತಟ್ಟೆಯ ವಿಷಯ.

ಬಿಗಿದುಕೊಂಡ ಕೆಸರು ಕೊನೆಗೂ ಸೋತಾಗ ಹೇಗೆ ಸೋಲುತ್ತದೆ? ಚೀನಾದ ಹಳದಿ ನದಿಯ ಲಾಂಗ್‌ಮನ್ ಕಮರಿಯ ಕೆಳಗೆ ದಡದ ಜನ ಅದನ್ನು ಕಣ್ಣಾರೆ ಕಂಡಿದ್ದಾರೆ. ನೀರಿಗಿಂತ ಮಣ್ಣೇ ಹೊಳೆಯಾಗಿ ಹರಿದಂಥ ಮಹಾಪೂರದಲ್ಲಿ ತಳದ ಬಿಗಿ ಪದರ ಕಣಕಣವಾಗಿ ಸವೆಯದೆ, ಇಡಿ ಚಪ್ಪಡಿಯಾಗಿ ಕಿತ್ತುಕೊಂಡು ನೀರಿನ ಮೇಲಕ್ಕೆ ಗೋಡೆಯಂತೆ ನಿಂತು, ಮಗುಚಿ ಬೀಳುತ್ತದೆ. ಚೀನೀಯರು ಇದಕ್ಕೆ ‘ನದಿಯ ತಳ ಕೀಳುವುದು’ ಎನ್ನುತ್ತಾರೆ. ಒಂದೇ ಪೂರದಲ್ಲಿ ತಳ ಹಲವು ಮೀಟರ್ ತಗ್ಗಿದ್ದುಂಟು. ಅದೇ ನದಿಗೆ ಇನ್ನೂ ಕೆಳಗೆ ಕಟ್ಟಿದ ಸಾನ್‌ಮೆನ್‌ಶಾ ಅಣೆಕಟ್ಟೆಯಲ್ಲಿ 1960ರಲ್ಲಿ ನೀರು ನಿಲ್ಲಿಸಿದ ಎರಡೇ ವರ್ಷದಲ್ಲಿ ಹೂಳಿನ ಹೊಡೆತಕ್ಕೆ ನಿರ್ವಹಣೆಯ ರೀತಿಯನ್ನೇ ಬದಲಿಸಬೇಕಾಯಿತು. ತಳದ ಕಿಂಡಿಗಳನ್ನು ಮುಚ್ಚಬೇಡಿ, ಮುಂದೆ ಹೂಳು ಬಿಡಲು ಬೇಕಾಗುತ್ತವೆ ಎಂದು ಪ್ರೊಫೆಸರ್ ಹುವಾಂಗ್ ವಾನ್‌ಲೀ 1957ರಲ್ಲೇ ಬೇಡಿಕೊಂಡಿದ್ದರು. ಕಿಂಡಿಗಳಿಗೆ ಕಾಂಕ್ರೀಟು ತುಂಬಲಾಯಿತು. ಎಪ್ಪತ್ತರ ದಶಕದ ಹೊತ್ತಿಗೆ ಅದೇ ಕಾಂಕ್ರೀಟನ್ನು ಒಡೆದು ಬಿಡಿಸಬೇಕಾಯಿತು.

ಈಗ ಗೇಟು ಎತ್ತುವ ಆ ಮೊದಲ ಪ್ರಶ್ನೆಗೆ ಉತ್ತರ. ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಿರುವುದು ಕಟ್ಟೆಯ ತಲೆಯಲ್ಲಿ. ತುಂಬಿದ ಜಲಾಶಯದಲ್ಲಿ ಅವನ್ನೆಲ್ಲ ಎತ್ತಿದರೂ ಹೊರಹೋಗುವುದು ಮೇಲಿನ ನೀರು. ಎರಡು ಮೀಟರ್ ಆಳದ ಹೊಳೆ ಐದು ಸಾವಿರಕ್ಕೊಂದರ ಇಳಿಜಾರಿನಲ್ಲಿ ಹರಿಯುವಾಗ ತಳದ ಮೇಲೆ ಸುಮಾರು ನಾಲ್ಕು ಪಾಸ್ಕಲ್ ಎಳೆತವಿರುತ್ತದೆ. ವಿಶಾಲವಾಗಿ ನಿಂತ ಜಲಾಶಯದ ತಳದಲ್ಲಿ ನೀರು ಸೆಕೆಂಡಿಗೆ ಎರಡು ಸೆಂಟಿಮೀಟರ್ ಸರಿದರೆ ಎಳೆತ ಪಾಸ್ಕಲ್‌ನ ಸಾವಿರದ ಒಂದು ಪಾಲಿನ ಆಸುಪಾಸು. ನಿನ್ನೆ ಕೂತ ಗಂಜಿಯನ್ನೂ ಅದು ಎಬ್ಬಿಸಲಾರದು, ಎಪ್ಪತ್ತು ವರ್ಷದ ಹೂಳಿನ ಮಾತು ದೂರವೇ ಉಳಿಯಿತು. ಕಟ್ಟೆಯ ಬುಡದಲ್ಲಿ ತೂಬು ತೆರೆದರೂ ಅದರ ಬಾಯಿ ಸುತ್ತ ಲಾಳಿಕೆಯಂತೆ ಒಂದು ತಗ್ಗು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಹೂಳು ಸರಿಯಬೇಕಾದರೆ ಜಲಾಶಯವನ್ನು ಪೂರ್ತಿ ಇಳಿಸಿ, ಅದರೊಳಗೆ ನದಿಯನ್ನು ಮತ್ತೆ ನದಿಯಾಗಿ ಹರಿಯಬಿಡಬೇಕು. ನಾಲೆಯ ಕೊನೆಯಲ್ಲಿ ಭತ್ತ ನಾಟಿ ಮಾಡಿ ನೀರಿಗೆ ಕಾಯುವವರಿಗೆ ಅಂಥ ಖಾಲಿ ಜಲಾಶಯ ತೋರಿಸುವ ಧೈರ್ಯ ಯಾರಿಗೂ ಬರಲಾರದು, ಬರಲೂ ಬಾರದು.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಅಂಚಿನ ಹೂಳು ಒಣಗಿ, ಕೈ ತೂರುವಷ್ಟು ಬಾಯಿ ಬಿಟ್ಟು, ಹಲಗೆ ಹಲಗೆಯಾಗಿ ಒಡೆಯುತ್ತದೆ. ಮೇಲಿನ ಹಲಗೆ ಮೊದಲ ಮಳೆಗೆ ಗುಳ್ಳೆ ಬಿಡುತ್ತ ಪುಡಿಯಾಗುತ್ತದೆ. ರೈತರು ಗೋಡುಮಣ್ಣೆಂದು ಹೊಲಕ್ಕೆ ಹೊಡೆಸಿಕೊಳ್ಳಲು ಅದು ಹೇಳಿಮಾಡಿಸಿದಂತಿರುತ್ತದೆ, ಬಕೆಟ್ಟಿಗೆ ಸುಲಭವಾಗಿ ಬರುತ್ತದೆ. ಜೆಸಿಬಿ ಇನ್ನೂ ಆಳಕ್ಕಿಳಿದು ಒಣಗದ ಪದರ ಮುಟ್ಟಿದಾಗ ಸದ್ದೇ ಬೇರೆಯಾಗುತ್ತದೆ. ಅಲ್ಲಿ ಮಣ್ಣು ಉದುರುವುದಿಲ್ಲ. ಬಕೆಟ್ಟಿನ ಹಲ್ಲುಗಳು ಎಳೆದ ಗೀರುಗಳು ಗುಂಡಿಯ ಗೋಡೆಯ ಮೇಲೆ ಎಣ್ಣೆ ಸವರಿದಂತೆ ಹೊಳೆಯುತ್ತ ಉಳಿಯುತ್ತವೆ.